ಕ್ರಿಸ್‌ಮಸ್ ‘ಕೋಜಿ’ ಪತ್ತೇದಾರಿ ಕಾದಂಬರಿ: ಏನಿದು, ಹೇಗೆ ಓದಬೇಕು, ಎಲ್ಲಿ ಸಿಗುತ್ತದೆ?

ಡಿಸೆಂಬರ್‌ನಲ್ಲಿ ಇಂಗ್ಲಿಷ್ ಪುಸ್ತಕಗಳ ಅಂಗಡಿಗೆ ಹೋದರೆ ಒಂದು ಬಗೆಯ ಕಾದಂಬರಿ ಕಣ್ಣಿಗೆ ಬೀಳುತ್ತದೆ. ಮುಖಪುಟದಲ್ಲಿ ಹಿಮ ಬಿದ್ದ ಮನೆ, ಕಿಟಕಿಯಲ್ಲಿ ದೀಪ, ಬಾಗಿಲಿಗೆ ಹಸಿರೆಲೆಯ ಹಾರ. ಹೆಸರಿನಲ್ಲಿ ಮಾತ್ರ ಕೊಲೆ. ಹಬ್ಬಕ್ಕೂ ಕೊಲೆಗೂ ಎಲ್ಲಿಯ ನಂಟು ಎಂದು ಅನಿಸುವುದು ಸಹಜ. ಇಂಥ ಕಾದಂಬರಿಯನ್ನು ‘ಕ್ರಿಸ್‌ಮಸ್ ಕೋಜಿ ಮಿಸ್ಟರಿ’ ಎನ್ನುತ್ತಾರೆ.

ನಮ್ಮ ಹಿನಕಲ್‌ನಲ್ಲಿ ಓದುಗರು ಹಲವು ಬಗೆ. ನನ್ನೇಶ್ವರ ದೇವಸ್ಥಾನದ ಸುತ್ತಲಿನ ಹಳೆಯ ಬೀದಿಗಳಲ್ಲಿ ಬಾಡಿಗೆ ಲೈಬ್ರರಿಯ ಕನ್ನಡ ಕಾದಂಬರಿ ಓದಿ ಬೆಳೆದ ಹಿರಿಯರಿದ್ದಾರೆ. ಹೊಸ ಬಡಾವಣೆಗಳಲ್ಲಿ ಹೆಬ್ಬಾಳದ ಕಂಪನಿಗಳಿಗೆ ಕೆಲಸಕ್ಕೆ ಬಂದ ಕಿರಿಯರಿದ್ದಾರೆ. ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಈ ಮೂರೂ ತಲೆಮಾರು ಒಂದೇ ಪುಸ್ತಕ ಹಿಡಿದು ಕೂತು ಮಾತಾಡುವುದು ಈಗ ಅಪರೂಪ. ಕೋಜಿ ಮಿಸ್ಟರಿಗೆ ಆ ಶಕ್ತಿ ಇದೆ. ಆದ್ದರಿಂದ ಇದನ್ನು ಮೊದಲಿನಿಂದ, ಹಂತ ಹಂತವಾಗಿ ತಿಳಿಯೋಣ.

ಕೋಜಿ ಮಿಸ್ಟರಿ ಎಂದರೇನು?

‘ಕೋಜಿ’ ಎಂದರೆ ಬೆಚ್ಚಗೆ, ಹಾಯಾಗಿ ಇರುವುದು. ಇದು ಪತ್ತೇದಾರಿ ಕಾದಂಬರಿಯ ಒಂದು ಸೌಮ್ಯ ಕವಲು. ಇದಕ್ಕೆ ನಾಲ್ಕು ಲಕ್ಷಣಗಳಿವೆ.

ಒಂದು, ಅಪರಾಧ ನಡೆದರೂ ಅದರ ಭೀಕರ ವಿವರ ಇರುವುದಿಲ್ಲ. ರಕ್ತಪಾತ, ಹಿಂಸೆ, ಅಶ್ಲೀಲ ಪ್ರಸಂಗ ಪುಟದ ಮೇಲೆ ಬರುವುದಿಲ್ಲ.

ಎರಡು, ಪತ್ತೆ ಮಾಡುವವರು ಸಾಮಾನ್ಯವಾಗಿ ಪೊಲೀಸರಲ್ಲ. ನಿವೃತ್ತ ಶಿಕ್ಷಕಿ, ಪುಸ್ತಕದಂಗಡಿಯವರು, ಪಕ್ಕದ ಮನೆಯ ಅಜ್ಜಿ, ಹೀಗೆ ಯಾರಾದರೂ ಆಗಬಹುದು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಈ ಪರಂಪರೆಯ ಹಿರಿಯಳು. 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಮಾರ್ಪಲ್ ಬರುವ ಮೊದಲ ಕಾದಂಬರಿ.

ಮೂರು, ಕಥೆ ನಡೆಯುವುದು ಎಲ್ಲರಿಗೂ ಎಲ್ಲರ ಪರಿಚಯವಿರುವ ಸಣ್ಣ ಜಾಗದಲ್ಲಿ. ಹಳ್ಳಿ, ಹಳೆಯ ಬಂಗಲೆ, ಒಂದು ರೈಲು ಡಬ್ಬಿ. ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು ಎಂಬುದು ಅಲ್ಲಿ ಮುಚ್ಚಿಟ್ಟರೂ ಉಳಿಯುವುದಿಲ್ಲ.

ನಾಲ್ಕು, ಕೊನೆಗೆ ಸತ್ಯ ಹೊರಬರುತ್ತದೆ, ಕದಡಿದ ಮನೆ ಮತ್ತೆ ತಿಳಿಯಾಗುತ್ತದೆ. ಇದು ಲೇಖಕರು ಓದುಗರಿಗೆ ಕೊಡುವ ಮಾತು. ಈ ಮಾತಿನ ಮೇಲೆ ನಂಬಿಕೆ ಇಟ್ಟೇ ಜನ ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ.

ಹಬ್ಬದ ದಿನವೇ ಏಕೆ?

ಇದಕ್ಕೆ ಹವಾಮಾನದ ಕಾರಣವಿದೆ, ಮನೆಯ ಕಾರಣವಿದೆ, ಪತ್ರಿಕೆಗಳ ಕಾರಣವೂ ಇದೆ.

ಇಂಗ್ಲೆಂಡಿನಲ್ಲಿ ಡಿಸೆಂಬರ್ ಕೊನೆಗೆ ಸಂಜೆ ನಾಲ್ಕರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ರಾತ್ರಿ ಉದ್ದ. ಹೊರಗೆ ಚಳಿ. ಒಲೆಯ ಮುಂದೆ ಕೂತು ದೆವ್ವದ ಕಥೆ ಹೇಳುವುದು ಅಲ್ಲಿನ ಹಳೆಯ ರೂಢಿ. 1843ರ ಡಿಸೆಂಬರ್‌ನಲ್ಲಿ ಬಂದ ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಕೂಡ ದೆವ್ವಗಳ ಕಥೆಯೇ. ಆ ರುಚಿಯೇ ಕೊಲೆಯ ಕಥೆಗೂ ಒಗ್ಗಿತು.

ಎರಡನೆಯದು ಮನೆ. ಹಬ್ಬಕ್ಕೆ ದೂರದೂರದ ನೆಂಟರು ಒಂದೇ ಸೂರಿನಡಿ ಸೇರುತ್ತಾರೆ. ಆಸ್ತಿಯ ವ್ಯಾಜ್ಯ, ಉಯಿಲಿನ ಅನುಮಾನ, ಹಳೆಯ ಮುನಿಸು ಎಲ್ಲವೂ ಜೊತೆಗೆ ಬರುತ್ತವೆ. ಹಿಮ ಬಿದ್ದು ದಾರಿ ಮುಚ್ಚಿದರೆ ಯಾರೂ ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಹಾಗಾದರೆ ಅಪರಾಧಿ ಒಳಗಿನವರೇ. ಇದಕ್ಕೆ ‘ಕ್ಲೋಸ್ಡ್ ಸರ್ಕಲ್’, ಅಂದರೆ ಮುಚ್ಚಿದ ವರ್ತುಲ ಎನ್ನುತ್ತಾರೆ. ಲೇಖಕರಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ಇನ್ನೊಂದಿಲ್ಲ.

ಮೂರನೆಯದು ಪತ್ರಿಕೆ. ನಮ್ಮಲ್ಲಿ ದೀಪಾವಳಿ ವಿಶೇಷಾಂಕಗಳು ಬರುವ ಹಾಗೆ ಅಲ್ಲಿ ಕ್ರಿಸ್‌ಮಸ್ ವಿಶೇಷಾಂಕಗಳು ಬರುತ್ತಿದ್ದವು. ಹಬ್ಬದ ಸಂಚಿಕೆಗೆ ಹಬ್ಬದ ಕಥೆ ಬೇಕಿತ್ತು. ಷರ್ಲಾಕ್ ಹೋಮ್ಸ್‌ನ ಕ್ರಿಸ್‌ಮಸ್ ಕಥೆ ‘ದಿ ಬ್ಲೂ ಕಾರ್ಬಂಕಲ್’ 1892ರ ಜನವರಿಯ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಬಂತು. ಮುಂದೆ ಕ್ರಿಸ್ಟಿಯ ಪ್ರಕಾಶಕರು ‘ಕ್ರಿಸ್‌ಮಸ್‌ಗೊಂದು ಕ್ರಿಸ್ಟಿ’ ಎಂದೇ ಪ್ರಚಾರ ಮಾಡಿದರು. ಓದುಗರೂ ಕಾಯತೊಡಗಿದರು.

ಒಳಗೆ ಹೇಗೆ ಕೆಲಸ ಮಾಡುತ್ತದೆ?

ಈ ಕಾದಂಬರಿ ಓದುಗರ ಜೊತೆ ಆಡುವ ಆಟ. ಆಟಕ್ಕೆ ನಿಯಮಗಳಿವೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ಸ್ವತಃ ಪತ್ತೇದಾರಿ ಲೇಖಕರು, ಹತ್ತು ನಿಯಮಗಳನ್ನು ಬರೆದಿಟ್ಟರು. ಅವುಗಳ ಸಾರ ಇಷ್ಟೇ: ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ದೆವ್ವ, ಮಾಟ, ಆಕಸ್ಮಿಕದಿಂದ ಬಿಡಿಸಬಾರದು. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು. ಇದಕ್ಕೆ ‘ಫೇರ್ ಪ್ಲೇ’, ಅಂದರೆ ನ್ಯಾಯದ ಆಟ ಎನ್ನುತ್ತಾರೆ.

ಓದುವಾಗ ಕೆಲವು ಪದಗಳು ಮತ್ತೆ ಮತ್ತೆ ಬರುತ್ತವೆ. ‘ಕ್ಲೂ’ ಎಂದರೆ ಸುಳಿವು. ‘ಸಸ್ಪೆಕ್ಟ್’ ಎಂದರೆ ಶಂಕಿತ ವ್ಯಕ್ತಿ. ‘ಅಲಿಬೈ’ ಎಂದರೆ ಅಪರಾಧ ನಡೆದ ಹೊತ್ತಿನಲ್ಲಿ ತಾನು ಬೇರೆಲ್ಲೋ ಇದ್ದೆ ಎಂಬ ಸಾಕ್ಷ್ಯ. ‘ರೆಡ್ ಹೆರಿಂಗ್’ ಎಂದರೆ ನಮ್ಮನ್ನು ದಾರಿ ತಪ್ಪಿಸಲು ಬೇಕೆಂದೇ ಇಟ್ಟ ಸುಳ್ಳು ಸುಳಿವು.

ಹಬ್ಬದ ಪದಗಳೂ ಇವೆ. ‘ಕ್ರಿಸ್‌ಮಸ್ ಈವ್’ ಡಿಸೆಂಬರ್ 24, ‘ಬಾಕ್ಸಿಂಗ್ ಡೇ’ ಡಿಸೆಂಬರ್ 26. ‘ಸ್ಟಾಕಿಂಗ್’ ಎಂದರೆ ಉಡುಗೊರೆ ತುಂಬಲು ಮಕ್ಕಳು ತೂಗುಹಾಕುವ ಕಾಲುಚೀಲ. ‘ಮಿಸಲ್‌ಟೋ’ ನಮ್ಮ ಮಾವಿನ ಮರದ ಮೇಲೆ ಬೆಳೆಯುವ ಬಂದಳಿಕೆಯಂಥ ಪರಾವಲಂಬಿ ಸಸ್ಯ. ‘ಕ್ರಿಸ್‌ಮಸ್ ಪುಡಿಂಗ್’ ನಮ್ಮ ಬೇಕರಿಯ ಪ್ಲಮ್ ಕೇಕ್ ಅಲ್ಲ. ಒಣಹಣ್ಣು, ಕೊಬ್ಬು, ಮಸಾಲೆ ಸೇರಿಸಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುವ ಕಡುಬು. ಬಡಿಸುವಾಗ ಮೇಲೆ ಬ್ರಾಂಡಿ ಸುರಿದು ಉರಿ ಹಚ್ಚುತ್ತಾರೆ. ಒಳಗೆ ನಾಣ್ಯ ಹುದುಗಿಸಿಡುವ ಪದ್ಧತಿಯೂ ಇದೆ. ಆದ್ದರಿಂದಲೇ ಅದರೊಳಗೆ ಏನನ್ನಾದರೂ ಬಚ್ಚಿಡುವ ಆಲೋಚನೆ ಲೇಖಕರಿಗೆ ಬರುತ್ತದೆ.

‘ನಾವು ಕ್ರಿಸ್‌ಮಸ್ ಆಚರಿಸುವವರಲ್ಲ, ನಮಗೆ ಅರ್ಥವಾಗುತ್ತದೆಯೇ?’ ಎಂಬ ಅನುಮಾನ ಬೇಡ. ಸಂತ ಫಿಲೋಮಿನಾ ಚರ್ಚಿನ ದೀಪಾಲಂಕಾರ, ಗೋದಲಿ ನೋಡಲು ಡಿಸೆಂಬರ್‌ನಲ್ಲಿ ಮೈಸೂರಿನ ಎಲ್ಲ ಧರ್ಮದವರೂ ಹೋಗುತ್ತಾರೆ. ಮೇಲಿನ ಪದಗಳು ಗೊತ್ತಿದ್ದರೆ ಕಥೆಯೊಳಗೂ ಹಾಗೆಯೇ ಹೋಗಿ ಬರಬಹುದು.

ಯಾವುದರಿಂದ ಶುರು ಮಾಡಬೇಕು?

ಈ ಕ್ರಮದಲ್ಲಿ ಓದಿ ಎಂಬುದು ನನ್ನ ಸಲಹೆ.

ಮೊದಲು ‘ದಿ ಬ್ಲೂ ಕಾರ್ಬಂಕಲ್’. ಸಣ್ಣ ಕಥೆ, ಒಂದೇ ಕೂತಿನಲ್ಲಿ ಮುಗಿಯುತ್ತದೆ. ಕೊಲೆಯ ತನಿಖೆಯೂ ಇದರಲ್ಲಿಲ್ಲ. ಹಬ್ಬ ಕಳೆದು ಎರಡು ದಿನವಾಗಿದೆ. ಒಂದು ಹಳೆಯ ಹ್ಯಾಟು, ಒಂದು ಹೆಬ್ಬಾತು, ಅದರ ಹೊಟ್ಟೆಯಲ್ಲಿ ಕಳವಾದ ನೀಲಿ ರತ್ನ. ಬರೀ ಹ್ಯಾಟು ನೋಡಿ ಹೋಮ್ಸ್ ಅದರ ಯಜಮಾನನ ಬದುಕನ್ನೇ ಬಿಡಿಸಿ ಹೇಳುವ ಭಾಗವನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ.

ಎರಡನೆಯದು ಕ್ರಿಸ್ಟಿಯ ‘ದಿ ಅಡ್ವೆಂಚರ್ ಆಫ್ ದಿ ಕ್ರಿಸ್‌ಮಸ್ ಪುಡಿಂಗ್’, 1960ರ ಸಂಕಲನ. ಅದೇ ಹೆಸರಿನ ಕಥೆಯಲ್ಲಿ ಪತ್ತೇದಾರ ಪ್ವಾರೋ ಹಳ್ಳಿಯ ಬಂಗಲೆಯ ಹಬ್ಬಕ್ಕೆ ಹೋಗಲು ಮೊದಲು ಒಪ್ಪುವುದಿಲ್ಲ. ಹಳೆಯ ಮನೆಯ ಚಳಿಗೆ ಹೆದರುತ್ತಾನೆ. ಮನೆ ಪೂರ್ತಿ ಬೆಚ್ಚಗಿಡುವ ಕೊಳವೆ ವ್ಯವಸ್ಥೆ ಇದೆ ಎಂದು ತಿಳಿದ ಮೇಲೆ ಮನಸ್ಸು ಮಾಡುತ್ತಾನೆ. ಪುಡಿಂಗ್ ತಿನ್ನಬೇಡ ಎಂಬ ಚೀಟಿ ಅವನ ಕೋಣೆಯಲ್ಲಿ ಸಿಗುತ್ತದೆ. ಮುಂದಿನದನ್ನು ನೀವೇ ಓದಿ.

ಮೂರನೆಯದು 1938ರ ‘ಹರ್ಕ್ಯೂಲ್ ಪ್ವಾರೋಸ್ ಕ್ರಿಸ್‌ಮಸ್’. ಮುದಿ ಶ್ರೀಮಂತ ಸಿಮಿಯನ್ ಲೀ ಹಬ್ಬಕ್ಕೆಂದು ಮಕ್ಕಳನ್ನೆಲ್ಲ ಕರೆಸುತ್ತಾನೆ. ಹಬ್ಬದ ಹಿಂದಿನ ರಾತ್ರಿ ಒಳಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ಅವನ ಕೊಲೆಯಾಗುತ್ತದೆ. ಕಾದಂಬರಿಗೆ ಏಳು ಭಾಗ. ಡಿಸೆಂಬರ್ 22ರಿಂದ 28ರವರೆಗೆ ಒಂದೊಂದು ಭಾಗಕ್ಕೆ ಒಂದೊಂದು ತಾರೀಕು. ಕ್ಯಾಲೆಂಡರಿಗೆ ಸರಿಯಾಗಿ ದಿನಕ್ಕೊಂದು ಭಾಗ ಓದಬಹುದು. ಇದರಲ್ಲಿ ರಕ್ತ ಮಾತ್ರ ಕೋಜಿಯ ಅಳತೆಗಿಂತ ಹೆಚ್ಚಿದೆ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ನಾಲ್ಕನೆಯದು ಜೆಫರ್ಸನ್ ಫಾರ್ಜನ್‌ನ ‘ಮಿಸ್ಟರಿ ಇನ್ ವೈಟ್’, 1937ರದು. ಹಿಮದಲ್ಲಿ ರೈಲು ಸಿಕ್ಕಿಕೊಳ್ಳುತ್ತದೆ. ಕೆಲವು ಪ್ರಯಾಣಿಕರು ಇಳಿದು ನಡೆಯುತ್ತಾ ಒಂದು ಮನೆ ಸೇರುತ್ತಾರೆ. ಒಳಗೆ ಬೆಂಕಿ ಉರಿಯುತ್ತಿದೆ, ಚಹಾಕ್ಕೆ ಅಣಿಯಾಗಿದೆ, ಮನೆಯವರು ಯಾರೂ ಇಲ್ಲ. ಮರೆತೇಹೋಗಿದ್ದ ಈ ಪುಸ್ತಕವನ್ನು ಬ್ರಿಟಿಷ್ ಲೈಬ್ರರಿ 2014ರಲ್ಲಿ ಮರುಮುದ್ರಿಸಿತು. ಆ ಕ್ರಿಸ್‌ಮಸ್‌ಗೆ ಅದು ಭರ್ಜರಿಯಾಗಿ ಮಾರಾಟವಾಯಿತು.

ಕ್ರಿಸ್‌ಮಸ್ ಹಿನ್ನೆಲೆ ಇರಲೇಬೇಕೆಂದಿಲ್ಲ, ನಮ್ಮ ನೆಲದ ಕೋಜಿ ಬೇಕು ಎನ್ನುವವರಿಗೆ ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಇದೆ. ಇದು 2022ರಲ್ಲಿ ಬಂತು. ಕಾಲ 1921. ಹತ್ತೊಂಬತ್ತರ ಕಾವೇರಿ ಮದುವೆಯಾಗಿ ಮೈಸೂರಿನಿಂದ ಬೆಂಗಳೂರಿಗೆ ಬರುತ್ತಾಳೆ. ಗಂಡ ರಾಮು ವೈದ್ಯ. ಆಕೆಗೆ ಗಣಿತ ಎಂದರೆ ಪ್ರಾಣ. ಸೆಂಚುರಿ ಕ್ಲಬ್ಬಿನ ಔತಣಕೂಟದಲ್ಲಿ ಕೊಲೆ ನಡೆದಾಗ ಆ ತರ್ಕ ಕೆಲಸಕ್ಕೆ ಬರುತ್ತದೆ. ಪಕ್ಕದ ಮನೆಯ ಉಮಾ ಆಂಟಿ ಆಕೆಯ ಜೊತೆಗಾತಿ. ಪುಸ್ತಕದ ಕೊನೆಗೆ ಅಡುಗೆ ವಿಧಾನಗಳೂ ಇವೆ. ಮೈಸೂರಿನ ಓದುಗರಿಗೆ ಇದರ ಮಾತು, ಮನೆ, ಊಟ ಯಾವುದೂ ಪರಕೀಯವಲ್ಲ.

ಕನ್ನಡದಲ್ಲೇ ಓದಬೇಕೆನ್ನುವ ಹಿರಿಯರಿಗೆ ಎನ್. ನರಸಿಂಹಯ್ಯ ಇದ್ದೇ ಇದ್ದಾರೆ. ನಾಲ್ಕನೇ ತರಗತಿವರೆಗೆ ಓದಿದ ಅವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬರೆದರು. ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿ ಕೊಟ್ಟರು. ಕನ್ನಡಿಗರ ಒಂದು ತಲೆಮಾರಿಗೆ ಓದುವ ರುಚಿ ಹತ್ತಿಸಿದವರು ಅವರು. ಅವರ ಕಥೆಗಳು ಪೂರ್ತಿ ಕೋಜಿ ಅಲ್ಲ, ಓಟ ಮತ್ತು ಸಾಹಸ ಹೆಚ್ಚು. ಆದರೆ ಸುಳಿವಿನ ಹಿಂದೆ ಹೋಗುವ ಖುಷಿ ಅದೇ.

ಓದುಗರು ಏನು ಹೇಳುತ್ತಾರೆ?

ಒಂದೇ ಪುಸ್ತಕಕ್ಕೆ ಬರುವ ಪ್ರತಿಕ್ರಿಯೆಗಳು ಬೇರೆ ಬೇರೆ. ಗಮನಿಸಿ ನೋಡಿದರೆ ಮೂರು ಬಗೆಯ ಓದುಗರು ಕಾಣುತ್ತಾರೆ.

ಮೊದಲನೆಯವರಿಗೆ ನೆಮ್ಮದಿ ಬೇಕು. ಆಸ್ಪತ್ರೆ, ಕಚೇರಿ, ಸಂಸಾರದ ತಾಪತ್ರಯದ ನಡುವೆ ಕೊನೆಗೆ ಎಲ್ಲ ಸರಿಹೋಗುವ ಕಥೆ ಅವರಿಗೆ ಆಸರೆ. ಕೊಲೆಗಾರ ಯಾರೆಂದು ಮೊದಲೇ ತಿಳಿದರೂ ಅವರಿಗೆ ಬೇಸರವಿಲ್ಲ. ಎರಡನೆಯವರಿಗೆ ಒಗಟು ಬೇಕು. ಸುಳಿವು ಬಚ್ಚಿಟ್ಟರೆ ಅವರು ಕೋಪಿಸಿಕೊಳ್ಳುತ್ತಾರೆ, ಸುಲಭವಾದರೆ ಬೇಸರಪಡುತ್ತಾರೆ. ಮೂರನೆಯವರಿಗೆ ಜಾಗ ಮತ್ತು ಜನ ಬೇಕು. ಆ ಅಡುಗೆಮನೆ, ಆ ಬೀದಿ, ಆ ಅಜ್ಜಿ ಮತ್ತೆ ಸಿಗಲೆಂದು ಮುಂದಿನ ಪುಸ್ತಕ ಕೊಳ್ಳುತ್ತಾರೆ. ಬಹುಪಾಲು ಕೋಜಿಗಳು ಸರಣಿಯಾಗಿ ಬರುವುದು ಈ ಮೂರನೆಯವರ ಕಾರಣದಿಂದಲೇ.

ಸಾಮಾನ್ಯ ದೂರುಗಳೂ ಇವೆ. ಹೆಸರುಗಳು ತುಂಬಾ ಹೆಚ್ಚು. ಮೊದಲ ಐವತ್ತು ಪುಟ ನಿಧಾನ. ಹಬ್ಬದ ವರ್ಣನೆ ಮುಗಿಯುವುದೇ ಇಲ್ಲ. ಸತ್ತವರ ಬಗ್ಗೆ ಯಾರಿಗೂ ದುಃಖವಿಲ್ಲ. ಈ ಕೊನೆಯ ದೂರಿನಲ್ಲಿ ತೂಕವಿದೆ. ಕಥೆ ಹಗುರವಾಗಿರಲೆಂದು ಲೇಖಕರು ಸಾಮಾನ್ಯವಾಗಿ ಯಾರಿಗೂ ಬೇಡದ ಮನುಷ್ಯನನ್ನೇ ಸಾಯಿಸುತ್ತಾರೆ. ಒಳ್ಳೆಯ ಕೋಜಿ ಮಾತ್ರ ಆ ಸಾವಿನಿಂದ ಮನೆಯವರಿಗೆ ಏನಾಯಿತು ಎಂಬುದನ್ನೂ ತೋರಿಸುತ್ತದೆ. ಪುಸ್ತಕವನ್ನು ತೂಗಲು ಇದು ನನ್ನ ಮುಖ್ಯ ಅಳತೆಗೋಲು.

ಓದುಗರ ಮಾತು ಲೇಖಕರಿಗೆ ತಲುಪುತ್ತದೆಯೇ? ಖಂಡಿತ ತಲುಪುತ್ತದೆ. ಕ್ರಿಸ್ಟಿಯ ಅಕ್ಕನ ಗಂಡ ಜೇಮ್ಸ್ ಆಕೆಯ ನಿಷ್ಠಾವಂತ ಓದುಗ. ನಿನ್ನ ಕೊಲೆಗಳು ತೀರಾ ನಯವಾಗುತ್ತಿವೆ, ರಕ್ತವೇ ಇಲ್ಲ ಎಂದು ಆತ ದೂರಿದ. ಅದಕ್ಕೆ ಉತ್ತರವಾಗಿ ಬಂದದ್ದೇ ‘ಹರ್ಕ್ಯೂಲ್ ಪ್ವಾರೋಸ್ ಕ್ರಿಸ್‌ಮಸ್’. ಪುಸ್ತಕವನ್ನು ಆಕೆ ಜೇಮ್ಸ್‌ಗೇ ಅರ್ಪಿಸಿ, ಕಾರಣವನ್ನೂ ಅಲ್ಲೇ ಬರೆದರು. ಹೋಮ್ಸ್ ಕಥೆಗಳ ಲೇಖಕ ಕಾನನ್ ಡಾಯ್ಲ್ 1893ರ ಡಿಸೆಂಬರ್ ‘ಸ್ಟ್ರ್ಯಾಂಡ್’ ಸಂಚಿಕೆಯಲ್ಲಿ ಹೋಮ್ಸ್‌ನನ್ನು ಸಾಯಿಸಿದಾಗ ಓದುಗರು ಸಿಟ್ಟಿಗೆದ್ದರು. 1903ರಲ್ಲಿ ಹೋಮ್ಸ್ ಬದುಕಿ ಬಂದ. ನಮ್ಮಲ್ಲೂ ವಾರಪತ್ರಿಕೆಗಳ ಧಾರಾವಾಹಿಗೆ ಬರುತ್ತಿದ್ದ ಓದುಗರ ಪತ್ರಗಳು ಲೇಖಕರನ್ನು ಬೆಳೆಸಿವೆ.

ನಕ್ಷತ್ರ ನೋಡಿ ಕೊಳ್ಳಬಹುದೇ?

ಗುಡ್‌ರೀಡ್ಸ್, ಅಮೆಜಾನ್‌ಗಳಲ್ಲಿ ಓದುಗರು ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಎರಡೂ ಕಡೆ ಒಂದೇ ಅರ್ಥವಲ್ಲ. ಗುಡ್‌ರೀಡ್ಸ್‌ನಲ್ಲಿ ಮೂರು ನಕ್ಷತ್ರ ಎಂದರೆ ‘ಇಷ್ಟವಾಯಿತು’ ಎಂದೇ ಅರ್ಥ. ಅಮೆಜಾನ್‌ನಲ್ಲಿ ಅದೇ ಮೂರು ನಕ್ಷತ್ರ ಟೀಕೆಯ ಸಾಲಿಗೆ ಸೇರುತ್ತದೆ.

ಇನ್ನೊಂದು ವಿಷಯ ಗಮನಿಸಿ. ಬಿಡುಗಡೆಗೆ ಮೊದಲೇ ಪ್ರಕಾಶಕರು ಕೆಲವರಿಗೆ ಉಚಿತ ಪ್ರತಿ ಕಳಿಸುತ್ತಾರೆ. ಅದಕ್ಕೆ ‘ಅಡ್ವಾನ್ಸ್ ಕಾಪಿ’ ಎನ್ನುತ್ತಾರೆ. ಅಂಥ ವಿಮರ್ಶೆಯಲ್ಲಿ ಉಚಿತ ಪ್ರತಿ ಸಿಕ್ಕಿದ್ದನ್ನು ಹೇಳಿರಬೇಕು. ಹೇಳಿದ್ದರೆ ಅದು ಪ್ರಾಮಾಣಿಕತೆಯ ಗುರುತು. ಒಟ್ಟು ಅಂಕ ನೋಡುವ ಬದಲು ಮೂರು ನಕ್ಷತ್ರದ ನಾಲ್ಕು ವಿಮರ್ಶೆ ಓದಿ. ಹಿಡಿಸಿದ್ದು, ಹಿಡಿಸದ್ದು ಎರಡೂ ಅಲ್ಲಿ ಸಿಗುತ್ತವೆ. ‘ಸ್ಪಾಯ್ಲರ್’ ಎಂದು ಬರೆದಿದ್ದರೆ ಮುಂದೆ ಓದಬೇಡಿ. ಅಲ್ಲಿ ಗುಟ್ಟು ರಟ್ಟಾಗಿರುತ್ತದೆ.

ಮನೆಮಂದಿ ಸೇರಿ ಓದುವುದು ಹೇಗೆ?

1. ಒಂದು ಹಾಳೆಯಲ್ಲಿ ಪಾತ್ರಗಳ ಹೆಸರು, ಅವರ ಸಂಬಂಧ ಬರೆದಿಡಿ. ಹೆಸರುಗಳ ತೊಡಕು ಅರ್ಧ ಕಡಿಮೆಯಾಗುತ್ತದೆ.
2. ಅಪರಾಧ ನಡೆದ ಹೊತ್ತಿನಲ್ಲಿ ಯಾರು ಎಲ್ಲಿದ್ದರು ಎಂಬ ಪಟ್ಟಿ ಮಾಡಿ.
3. ಇಂಗ್ಲಿಷ್ ಬಲ್ಲವರು ದಿನಕ್ಕೊಂದು ಅಧ್ಯಾಯ ಓದಿ, ಉಳಿದವರಿಗೆ ಕನ್ನಡದಲ್ಲಿ ಹೇಳಲಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಅವರ ಎರಡೂ ಭಾಷೆ ಗಟ್ಟಿಯಾಗುತ್ತವೆ.
4. ಕೊನೆಯ ಎರಡು ಅಧ್ಯಾಯ ಉಳಿದಾಗ ನಿಲ್ಲಿಸಿ. ಎಲ್ಲರೂ ಅಪರಾಧಿಯ ಹೆಸರು, ಕಾರಣ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಲಿ.
5. ಮುಗಿದ ಮೇಲೆ ಚೀಟಿ ತೆಗೆಯಿರಿ. ಯಾವ ಸುಳಿವು ತಪ್ಪಿಸಿಕೊಂಡೆವು ಎಂದು ಹಿಂದೆ ತಿರುವಿ ನೋಡಿ. ನಿಜವಾದ ಓದು ಶುರುವಾಗುವುದು ಇಲ್ಲಿಂದ.

ಮಕ್ಕಳಿಗೆ ಕೊಡಬಹುದೇ? ಹನ್ನೆರಡು ದಾಟಿದವರಿಗೆ ‘ಬ್ಲೂ ಕಾರ್ಬಂಕಲ್’, ‘ಪುಡಿಂಗ್’ ಎರಡೂ ಧಾರಾಳವಾಗಿ ಕೊಡಿ. ‘ಪ್ವಾರೋಸ್ ಕ್ರಿಸ್‌ಮಸ್’ ಸ್ವಲ್ಪ ದೊಡ್ಡವರಿಗಿರಲಿ. ಹಳೆಯ ಪುಸ್ತಕಗಳಲ್ಲಿ ಪೂರ್ವದೇಶದವರ ಬಗ್ಗೆ, ಬಡವರ ಬಗ್ಗೆ ಆ ಕಾಲದ ತಾತ್ಸಾರದ ಮಾತುಗಳೂ ಬರುತ್ತವೆ. ಅವನ್ನು ಹಾರಿಸಿಬಿಡದೆ, ಇದು ತಪ್ಪು ಎಂದು ಮಕ್ಕಳ ಜೊತೆ ಮಾತಾಡಿ.

ಖರ್ಚೆಷ್ಟು, ಎಲ್ಲಿ ಸಿಗುತ್ತದೆ?

ಬಿಡಿಗಾಸಿಲ್ಲದೆಯೂ ಓದಬಹುದು. ಹೋಮ್ಸ್ ಕಥೆಗಳು ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಜಾಲತಾಣದಲ್ಲಿ ಉಚಿತ, ಕಾನೂನುಬದ್ಧ. ಕಣ್ಣು ಸೋತವರಿಗೆ ‘ಲಿಬ್ರಿವಾಕ್ಸ್‌’ನಲ್ಲಿ ಅವೇ ಕಥೆಗಳ ಧ್ವನಿಮುದ್ರಣ ಇದೆ. ಕರ್ನಾಟಕ ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಯಿತು. ಮೊಬೈಲಿನಲ್ಲಿ ಹೆಸರು ನೋಂದಾಯಿಸಿದರೆ ಸಾಕು.

ಮೈಸೂರಿನ ನಗರ ಕೇಂದ್ರ ಗ್ರಂಥಾಲಯ ಮತ್ತು ಅದರ ಶಾಖೆಗಳಲ್ಲಿ ಸಣ್ಣ ಠೇವಣಿ ಕಟ್ಟಿ ಸದಸ್ಯರಾಗಬಹುದು. ಗುರುತಿನ ಚೀಟಿ, ವಿಳಾಸದ ದಾಖಲೆ, ಭಾವಚಿತ್ರ ಜೊತೆಗಿರಲಿ. 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಅಂದರೆ ಅಲ್ಲಿನ ಪುಸ್ತಕಕ್ಕೆ ನಮ್ಮ ಹಣವೂ ಸೇರಿದೆ. ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿ ಎಂದು ಗ್ರಂಥಪಾಲಕರಿಗೆ ಬರೆದುಕೊಡಿ. ಕೇಳುವುದು ನಮ್ಮ ಹಕ್ಕು.

ಕೊಳ್ಳುವುದಾದರೆ ಹಿನಕಲ್‌ನಿಂದ ಸಿಟಿ ಬಸ್ಸು ಹತ್ತಿ ಕೆ.ಆರ್. ಸರ್ಕಲ್ ಕಡೆ ಹೋಗಿ. ಸಪ್ನ, ನವಕರ್ನಾಟಕದಂಥ ಮಳಿಗೆಗಳು ಮೈಸೂರಿನಲ್ಲಿವೆ. ಇಂಗ್ಲಿಷ್ ಪೇಪರ್‌ಬ್ಯಾಕ್, ಅಂದರೆ ತೆಳುರಟ್ಟಿನ ಪುಸ್ತಕ, ಸಾಮಾನ್ಯವಾಗಿ 300ರಿಂದ 600 ರೂಪಾಯಿ ಆಸುಪಾಸು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಹಳೆ ಪುಸ್ತಕದಂಗಡಿಯಲ್ಲಿ ಕ್ರಿಸ್ಟಿ ಅರ್ಧಕ್ಕಿಂತ ಕಡಿಮೆಗೂ ಸಿಗುತ್ತದೆ. ಕನ್ನಡದ ಇ-ಪುಸ್ತಕ, ಧ್ವನಿಪುಸ್ತಕಕ್ಕೆ ಮೈಲ್ಯಾಂಗ್ ಬುಕ್ಸ್ ನೋಡಿ.

‘ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಬಂದಿದೆ, ಓದಿದರೇನು?’ ಎಂದು ಕೇಳುವವರಿದ್ದಾರೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ. ಹಾಗಾಗಿ 2036ರ ಕೊನೆಯವರೆಗೆ ಅವರ ಪುಸ್ತಕಗಳ ಪಿಡಿಎಫ್ ಹಂಚುವುದು ಕಾನೂನಿಗೆ ವಿರುದ್ಧ. ಕಾನನ್ ಡಾಯ್ಲ್ 1930ರಲ್ಲೇ ತೀರಿಕೊಂಡರು. ಅವರ ಕಥೆಗಳನ್ನು ಯಾರಾದರೂ ಅಪ್ಪಣೆ ಇಲ್ಲದೆ ಕನ್ನಡಕ್ಕೆ ತರಬಹುದು.

ಒಂದು ಮನವಿ

ಓದಿದ ಮೇಲೆ ಸುಮ್ಮನಿರಬೇಡಿ. ಐದು ಸಾಲು ಬರೆಯಿರಿ. ಯಾವ ಪಾತ್ರ ಹಿಡಿಸಿತು, ಯಾವ ಸುಳಿವು ನ್ಯಾಯವಾಗಿತ್ತು, ಎಲ್ಲಿ ಬೇಸರವಾಯಿತು, ಸತ್ತವರ ಮನೆಯ ದುಃಖ ಕಂಡಿತೇ, ಇನ್ನೊಬ್ಬರಿಗೆ ಕೊಡುತ್ತೀರಾ? ಕನ್ನಡದಲ್ಲೇ ಬರೆಯಿರಿ. ಪುಸ್ತಕದೊಳಗೆ ಆ ಚೀಟಿ ಇಟ್ಟು ಪಕ್ಕದ ಮನೆಗೆ ದಾಟಿಸಿ.

ಬರೆಯುವ ಆಸೆ ಇರುವ ಕಿರಿಯರಿಗೆ ಇನ್ನೂ ಒಂದು ಮಾತು. ಹಿನಕಲ್‌ನಂಥ ಊರು ಕೋಜಿ ಮಿಸ್ಟರಿಗೆ ಹೇಳಿ ಮಾಡಿಸಿದ ಜಾಗ. ಹಳೆಯ ಬೀದಿ, ಕೆರೆ, ರಿಂಗ್ ರಸ್ತೆಯ ಗದ್ದಲ, ನಾಲ್ಕು ಕಡೆಯಿಂದ ಬಂದ ಜನ, ಎಲ್ಲರನ್ನೂ ಬಲ್ಲ ಒಬ್ಬ ಅಜ್ಜಿ, ಎಲ್ಲವೂ ಇಲ್ಲಿವೆ. ಡಿಸೆಂಬರ್ ಚಳಿಯೂ ಇದೆ. ಕನ್ನಡದಲ್ಲಿ ಇಂಥ ಪುಸ್ತಕ ಬರಬೇಕು. ಈ ವರ್ಷ ಒಂದು ಓದಿ, ಮುಂದಿನ ವರ್ಷಕ್ಕೆ ಒಂದು ಬರೆಯಲು ಕೂರಿ.